ನೀಲಿ ಗಿಡದಿಂದ ಗಾಯದ ಪಟ್ಟಿಯವರೆಗೆ: ವಿದ್ಯುತ್ತು ಹರಿಸುವ ಪ್ಲಾಸ್ಟಿಕ್ಕಿನ ಚರಿತ್ರೆ



"ಲೋಹಗಳು ವಿದ್ಯುತ್ ವಾಹಕಗಳು, ರಬ್ಬರ್, ಮರ, ಪ್ಲಾಸ್ಟಿಕ್ ಅವಾಹಕಗಳು" ಎಂಬ ಉತ್ತರವನ್ನು ಬರೆದು ಒಂದು ಅಂಕ ಗಳಿಸದವರು ನಿಮ್ಮಲ್ಲಿ ಯಾರೂ ಇರಲಾರರು. ನಿಮ್ಮ ಮನೆಯ ಗೋಡೆಯೊಳಗೆ ಓಡುವ ತಂತಿಯ ಮಟ್ಟಿಗೆ ಆ ಉತ್ತರ ಇಂದಿಗೂ ಸರಿ. ತಾಮ್ರದ ಎಳೆಯಲ್ಲಿ ವಿದ್ಯುತ್ತು ಹರಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಹೊದಿಕೆ ನಮ್ಮನ್ನು ಕಾಯುತ್ತದೆ. ಆದರೆ ವಿದ್ಯುತ್ತನ್ನು ಹರಿಯಗೊಡುವ ಪ್ಲಾಸ್ಟಿಕ್ಕೂ ಉಂಟು. ಅದನ್ನು ಕಂಡುಹಿಡಿದ ಮೂವರಿಗೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಇನ್ನೂ ಸೋಜಿಗದ ಸಂಗತಿಯೆಂದರೆ, ಆ ಕುಟುಂಬದ ಕೆಲವು ವಸ್ತುಗಳು ದೇಹದಲ್ಲಿ ಹಾವಳಿಯೆಬ್ಬಿಸುವ ಮುಕ್ತ ರ್‍ಯಾಡಿಕಲ್‌ಗಳನ್ನು ಶಮನಗೊಳಿಸಬಲ್ಲವು, ರೋಗಾಣುಗಳನ್ನು ಕೊಲ್ಲಬಲ್ಲವು. ಒಂದೇ ವಸ್ತುವಿನಲ್ಲಿ ಈ ಮೂರು ಗುಣಗಳು ಕೂಡಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ಹೊರಟರೆ ಸುಮಾರು ಮುನ್ನೂರು ವರ್ಷಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಅದರಲ್ಲಿ ನಮ್ಮ ನೆಲದ ಪಾಲೂ ಇದೆ.

ರೇಷ್ಮೆಯೂ ವಿದ್ಯುತ್ತೂ

ಕುಣಿಗಲ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ದೊಡ್ಡ ಕೆರೆ ಮತ್ತು ಕುದುರೆ ಫಾರಂ. ಆದರೆ ಶುದ್ಧ ಮೈಸೂರು ತಳಿಯ ರೇಷ್ಮೆಯ ಬಿತ್ತನೆ ಗೂಡನ್ನು ಬೆಳೆದು ಕೊಟ್ಟ ಸೀಮೆಯೂ ಇದೇ ಎಂಬುದನ್ನು ನಮ್ಮವರೇ ಮರೆಯುತ್ತಾರೆ. ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆಯ ತುಂಬ ಹಸಿರು ಮಿಶ್ರಿತ ಹಳದಿ ಬಣ್ಣದ ಗೂಡುಗಳು: ಇವನ್ನು ನೋಡಿ ಬೆಳೆದ ಮಕ್ಕಳಿಗೆ ಪಾಲಿಮರ್ ಎಂಬ ಪದವನ್ನು ವಿವರಿಸುವುದು ಕಷ್ಟವಲ್ಲ. ಚಿಕ್ಕ ಚಿಕ್ಕ ಅಣುಗಳು ಒಂದರ ಕೈಯನ್ನು ಇನ್ನೊಂದು ಹಿಡಿದು ಸಾವಿರಾರು ಕೊಂಡಿಗಳ ಸರಪಳಿಯಾದರೆ ಅದೇ ಪಾಲಿಮರ್. ರೇಷ್ಮೆಯ ಎಳೆ ಅಮೈನೊ ಆಮ್ಲಗಳ ಸರಪಳಿ. ಹತ್ತಿಯ ನೂಲು ಗ್ಲೂಕೋಸಿನ ಸರಪಳಿ. ಅಂಗಡಿಯ ಚೀಲದ ಪಾಲಿಥೀನ್ ಎಥಿಲೀನಿನ ಸರಪಳಿ. ಹುಳು ನೇಯ್ದರೂ ಕಾರ್ಖಾನೆ ನೇಯ್ದರೂ ತತ್ತ್ವವೊಂದೇ.

ವಾಹಕ ಮತ್ತು ಅವಾಹಕ ಎಂಬ ಭೇದವನ್ನು ಜಗತ್ತು ಮೊದಲು ಅರಿತದ್ದೂ ರೇಷ್ಮೆಯಿಂದಲೇ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ಎಂಬಾತನು ಉಜ್ಜಿದ ಗಾಜಿನ ಕೊಳವೆಯ ವಿದ್ಯುತ್ತನ್ನು ಉದ್ದನೆಯ ಸೆಣಬಿನ ದಾರದ ಮೂಲಕ ದೂರಕ್ಕೆ ಸಾಗಿಸಲು ಯತ್ನಿಸುತ್ತಿದ್ದನು. ದಾರವನ್ನು ರೇಷ್ಮೆಯ ಎಳೆಗಳಿಂದ ತೂಗುಹಾಕಿದಾಗ ವಿದ್ಯುತ್ತು ಕೊನೆಯವರೆಗೆ ತಲಪಿತು. ಭಾರ ತಾಳದೆ ರೇಷ್ಮೆ ಹರಿದಾಗ ಅದರ ಬದಲು ಹಿತ್ತಾಳೆಯ ತಂತಿಯನ್ನು ಕಟ್ಟಿದನು. ವಿದ್ಯುತ್ತು ಆ ತಂತಿಯ ಮೂಲಕವೇ ಸೋರಿಹೋಯಿತು! ಅಲ್ಲಿಗೆ ತಡೆದದ್ದು ರೇಷ್ಮೆಯ ತೆಳುವಲ್ಲ, ಅದರ ಗುಣ ಎಂಬುದು ಖಚಿತವಾಯಿತು. ಮುಂದಿನ ಇನ್ನೂರು ವರ್ಷಗಳಿಗೂ ಮಿಕ್ಕಿ ಸರಪಳಿ ಅಣುಗಳೆಲ್ಲ ಅವಾಹಕಗಳೆಂಬ ನಂಬಿಕೆ ಬೇರೂರಿತು.

ನೀಲಿಯೊಳಗೆ ಅಡಗಿದ್ದ ಅನಿಲಿನ್

ಕಥೆಯ ಇನ್ನೊಂದು ಎಳೆ ನೀಲಿ ಗಿಡದ್ದು. ಬಿಳಿ ಪಂಚೆಗೆ ಹಾಕುತ್ತಿದ್ದ ಪುಡಿ ನೀಲಿಯನ್ನು ಇದೆಂದು ಭಾವಿಸಬೇಡಿ. ಅದು ಅಲ್ಟ್ರಾಮರೀನ್ ಎಂಬ ಖನಿಜವರ್ಣ. ನಾನು ಹೇಳುತ್ತಿರುವುದು ಎಲೆಗಳನ್ನು ನೀರಿನಲ್ಲಿ ಕೊಳೆಹಾಕಿ, ಕಡೆದು, ಗಸಿಯನ್ನು ಒಣಗಿಸಿ ತೆಗೆಯುತ್ತಿದ್ದ ಬಟ್ಟೆಯ ಬಣ್ಣ. ಅದರ ಸಂಸ್ಕೃತದ ಹೆಸರು 'ನೀಲ'. ಅದು ಅರಬ್ಬರ ಬಾಯಲ್ಲಿ 'ಅಲ್-ನೀಲ್' ಆಗಿ, ಪೋರ್ಚುಗೀಸರ ಬಾಯಲ್ಲಿ 'ಅನಿಲ್' ಆಯಿತು.

1826ರಲ್ಲಿ ಜರ್ಮನಿಯ ಒಟ್ಟೊ ಉನ್ವರ್ಡೋರ್ಬೆನ್ ನೀಲಿಯನ್ನು ಬಟ್ಟಿಯಿಳಿಸಿ ಎಣ್ಣೆಯಂತಹ ದ್ರವವೊಂದನ್ನು ಪಡೆದನು. 1834ರಲ್ಲಿ ರುಂಗೆ ಎಂಬಾತನಿಗೆ ಕಲ್ಲಿದ್ದಲ ಟಾರಿನಲ್ಲಿ ಒಂದು ದ್ರವ ಸಿಕ್ಕಿತು. ಬ್ಲೀಚಿಂಗ್ ಪೌಡರ್ ಸೋಕಿದರೆ ಅದು ನೀಲಿಯಾಗುತ್ತಿತ್ತು. 1840ರಲ್ಲಿ ಫ್ರಿಟ್ಜ್‌ಷೆ ನೀಲಿಯನ್ನು ಕ್ಷಾರದೊಡನೆ ಕಾಯಿಸಿ ಪಡೆದ ದ್ರವಕ್ಕೆ 'ಅನಿಲಿನ್' ಎಂದು ಹೆಸರಿಟ್ಟನು. ಇವೆಲ್ಲವೂ ಒಂದೇ ವಸ್ತುವೆಂದು 1843ರಲ್ಲಿ ಹಾಫ್‌ಮನ್ ತೋರಿಸಿದನು. ಹೀಗೆ ನಮ್ಮ 'ನೀಲ' ಶಬ್ದವು ಅರಬ್ಬೀ, ಪೋರ್ಚುಗೀಸ್ ದಾಟಿ, ಜರ್ಮನ್ ಪ್ರಯೋಗಶಾಲೆಯನ್ನು ಹೊಕ್ಕು, 'ಅನಿಲಿನ್' ಎಂಬ ವೇಷದಲ್ಲಿ ನಮ್ಮ ಪಿ.ಯು. ಪಠ್ಯಪುಸ್ತಕಕ್ಕೆ ಮರಳಿತು.

1862ರಲ್ಲಿ ಲಂಡನ್ ಆಸ್ಪತ್ರೆಯ ರಸಾಯನಜ್ಞ ಹೆನ್ರಿ ಲೆಥೆಬಿ, ನೈಟ್ರೊಬೆಂಜೀನ್ ವಿಷದಿಂದ ಸಂಭವಿಸಿದ ಸಾವುಗಳನ್ನು ಪರಿಶೀಲಿಸುತ್ತಿದ್ದನು. ಆ ಸಂದರ್ಭದಲ್ಲಿ ಆಮ್ಲದಲ್ಲಿ ಕರಗಿಸಿದ ಅನಿಲಿನ್ನಿನ ಮೂಲಕ ವಿದ್ಯುತ್ತನ್ನು ಹಾಯಿಸಿದಾಗ ಪ್ಲಾಟಿನಂ ತಗಡಿನ ಧನಾಗ್ರದ ಮೇಲೆ ನೀಲಿಯ ಲೇಪವೊಂದು ಮೂಡಿತು. ಮರುವರ್ಷ ಜಾನ್ ಲೈಟ್‌ಫುಟ್ ಎಂಬ ಬಣ್ಣಗಾರನು ಹತ್ತಿ ಬಟ್ಟೆಯ ಮೇಲೆಯೇ ಅನಿಲಿನ್ನನ್ನು ಉತ್ಕರ್ಷಿಸಿ ಮಾಸದ ಕರಿಯ ಬಣ್ಣವನ್ನು ಸಾಧಿಸಿದನು. 'ಅನಿಲಿನ್ ಬ್ಲ್ಯಾಕ್' ಎಂಬ ಆ ಬಣ್ಣ ಕೊಡೆಯ ಬಟ್ಟೆಗೂ ಬಂತು. ಇಂದು ನಾವು ಪಾಲಿಅನಿಲಿನ್ ಎಂದು ಕರೆಯುವ ವಾಹಕ ಪಾಲಿಮರ್ ಕುಟುಂಬದ ಹಿರಿಯರು ಇವರೇ. ಮಳೆಗಾಲದಲ್ಲಿ ಜನ ತಲೆಯ ಮೇಲೆ ಹಿಡಿದು ನಡೆದ ಬಣ್ಣದ ಬಂಧುವೊಂದು ವಿದ್ಯುತ್ತನ್ನು ಹರಿಸಬಲ್ಲುದೆಂದು ಆ ಕಾಲದಲ್ಲಿ ಯಾರೂ ಊಹಿಸಿರಲಿಲ್ಲ.

ಈ ಪ್ರಗತಿಗೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳದೆ ಮುಂದೆ ಸಾಗಲಾಗದು. ನೀಲಿಯಿಂದ ಅನಿಲಿನ್ ಹುಟ್ಟಿತು. ಮುಂದೆ ಅನಿಲಿನ್ನಿನಿಂದಲೇ ನೀಲಿಯನ್ನು ತಯಾರಿಸುವ ವಿಧಾನವೂ ಬಂತು. ಮಗಳೇ ತಾಯಿಯನ್ನು ಮನೆಯಿಂದ ಹೊರಡಿಸಿದಂತೆ! 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂದೊಡನೆ ಭಾರತದ ನೀಲಿ ವ್ಯವಸಾಯ ಕುಸಿಯತೊಡಗಿತು. ತೋಟದ ದೊರೆಗಳು ತಮ್ಮ ನಷ್ಟವನ್ನು ರೈತರ ತಲೆಗೆ ಕಟ್ಟಿದರು. 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದುದರ ಹಿನ್ನೆಲೆ ಇದು. ಚರಿತ್ರೆಯ ಪಾಠದಲ್ಲಿ ಓದಿದ ಚಂಪಾರಣವೂ ರಸಾಯನಶಾಸ್ತ್ರದ ಪಾಠದಲ್ಲಿ ಓದಿದ ಅನಿಲಿನ್ನೂ ಒಂದೇ ಕಥೆಯ ಎರಡು ಅಧ್ಯಾಯಗಳು.

ಬಣ್ಣವೇ ಮದ್ದಾದುದು

ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳನ್ನು ಕಾಣಲು ವಿಜ್ಞಾನಿಗಳು ಈ ಹೊಸ ಬಣ್ಣಗಳನ್ನು ಬಳಸತೊಡಗಿದರು. ಒಂದು ಬಣ್ಣವು ರೋಗಾಣುವಿಗೆ ಹಿಡಿದು ಸುತ್ತಲಿನ ಅಂಗಾಂಶಕ್ಕೆ ಹಿಡಿಯದಿದ್ದರೆ, ಅದರಿಂದ ರೋಗಾಣುವನ್ನು ಮಾತ್ರ ಕೊಲ್ಲಲಾಗದೇ ಎಂದು ಪಾಲ್ ಎರ್ಲಿಕ್ ಯೋಚಿಸಿದನು. 1891ರಲ್ಲಿ ಬರ್ಲಿನ್ನಿನಲ್ಲಿ ಇಬ್ಬರು ಮಲೇರಿಯಾ ರೋಗಿಗಳಿಗೆ ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನೇ ಔಷಧಿಯಾಗಿ ಕೊಡಲಾಯಿತು. ಅವರು ಗುಣ ಹೊಂದಿದರು. 1930ರ ದಶಕದಲ್ಲಿ ಗೆರ್ಹಾರ್ಡ್ ಡೊಮಾಕ್ ಪರೀಕ್ಷಿಸಿದ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದಿಂದ ಸಲ್ಫಾ ಔಷಧಿಗಳ ಯುಗ ಆರಂಭವಾಯಿತು. ಬಾಯಿಹುಣ್ಣಿಗೆ ಆಸ್ಪತ್ರೆಯಲ್ಲಿ ಹಚ್ಚುತ್ತಿದ್ದ ನೇರಳೆ ಬಣ್ಣದ ಜೆನ್ಷಿಯನ್ ವಯಲೆಟ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದೂ ಅನಿಲಿನ್ ವಂಶದ್ದೇ. ಆದುದರಿಂದ ಪಾಲಿಅನಿಲಿನ್ ರೋಗಾಣುನಾಶಕವೆಂಬ ಸುದ್ದಿಯು ಚರಿತ್ರೆಯನ್ನು ಬಲ್ಲವರಿಗೆ ತೀರ ಅನಿರೀಕ್ಷಿತವೇನಲ್ಲ.

ಬೆಳ್ಳಿಯಂತೆ ಹೊಳೆದ ಹಾಳೆ

ಸರಪಳಿ ಅಣುವಿನಲ್ಲಿ ವಿದ್ಯುತ್ತು ಹರಿಯಬಲ್ಲುದೆಂಬ ಸೂಚನೆಗಳು 1960ರ ದಶಕದಲ್ಲಿಯೇ ದೊರೆತಿದ್ದವು. ಆಸ್ಟ್ರೇಲಿಯದಲ್ಲಿ ವೈಸ್ ಮತ್ತು ಸಂಗಡಿಗರು 1963ರಲ್ಲಿ ಪಾಲಿಪಿರೋಲಿನ ವಾಹಕತೆಯನ್ನು ವರದಿ ಮಾಡಿದರು. ಫ್ರಾನ್ಸಿನಲ್ಲಿ ಪಾಲಿಅನಿಲಿನ್ನಿನ ಅಧ್ಯಯನ ನಡೆದಿತ್ತು. ಆದರೆ ಜಗತ್ತು ಕಿವಿಗೊಟ್ಟಿದ್ದು ಜಪಾನಿನ ಒಂದು ಆಕಸ್ಮಿಕಕ್ಕೆ. 1967ರಲ್ಲಿ ಟೋಕಿಯೊದ ಹಿಡೆಕಿ ಶಿರಾಕಾವಾ ಅವರ ಪ್ರಯೋಗಶಾಲೆಯಲ್ಲಿ ಅತಿಥಿ ಸಂಶೋಧಕರೊಬ್ಬರು ಕ್ರಿಯಾವರ್ಧಕವನ್ನು ಬೇಕಾದುದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಕರಿಯ ಪುಡಿಯಾಗಬೇಕಿದ್ದ ಪಾಲಿಅಸಿಟಿಲೀನ್ ಬೆಳ್ಳಿಯಂತೆ ಹೊಳೆಯುವ ಹಾಳೆಯಾಯಿತು. ಅಮೆರಿಕದ ಅಲನ್ ಮ್ಯಾಕ್‌ಡೈಯರ್ಮಿಡ್ ಜಪಾನಿಗೆ ಬಂದಿದ್ದಾಗ ಚಹಾ ವಿರಾಮದಲ್ಲಿ ಇದರ ಮಾತು ಬಂತು. ಮುಂದೆ ಶಿರಾಕಾವಾ ಪೆನ್ಸಿಲ್ವೇನಿಯಕ್ಕೆ ತೆರಳಿದರು. ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. 1976ರ ನವೆಂಬರಿನಲ್ಲಿ ಆ ಹಾಳೆಗೆ ಬ್ರೋಮೀನ್ ಆವಿಯನ್ನು ಸೋಕಿಸಿದಾಗ ಅದರ ವಾಹಕತೆ ಕೋಟಿ ಪಟ್ಟು ಏರಿತು. ಫಲಿತಾಂಶ 1977ರಲ್ಲಿ ಪ್ರಕಟವಾಯಿತು.

ಇದು ಹೇಗೆ ಸಾಧ್ಯ? ತರಗತಿಯ ಬೆಂಚನ್ನು ನೆನೆಸಿಕೊಳ್ಳಿ. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಪ್ರತಿಯೊಂದು ಎಲೆಕ್ಟ್ರಾನಿಗೂ ಪ್ರತ್ಯೇಕ ಕುರ್ಚಿ, ಎದ್ದು ಹೋಗುವಂತಿಲ್ಲ. ವಾಹಕ ಪಾಲಿಮರಿನಲ್ಲಿ ಒಂಟಿ ಬಂಧ, ದ್ವಿಬಂಧ, ಮತ್ತೆ ಒಂಟಿ ಬಂಧ, ಮತ್ತೆ ದ್ವಿಬಂಧ ಎಂಬ ಕ್ರಮವಿರುವುದರಿಂದ ಎಲೆಕ್ಟ್ರಾನುಗಳಿಗೆ ಒಂದು ಉದ್ದನೆಯ ಬೆಂಚು ದೊರೆತಂತಾಗುತ್ತದೆ. ಆದರೂ ಬೆಂಚು ಭರ್ತಿಯಾಗಿದ್ದರೆ ಯಾರೂ ಅಲುಗಲಾರರು. ಒಬ್ಬನನ್ನು ಎಬ್ಬಿಸಿ ಹೊರಗೆ ಕಳುಹಿಸಿದಾಗ ಪಕ್ಕದವನು ಜರುಗುತ್ತಾನೆ, ಅವನ ಪಕ್ಕದವನೂ ಜರುಗುತ್ತಾನೆ. ಖಾಲಿ ಜಾಗ ಬೆಂಚಿನ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ಬ್ರೋಮೀನ್ ಮಾಡಿದ್ದು ಹೀಗೆ ಒಬ್ಬನನ್ನು ಎಬ್ಬಿಸುವ ಕೆಲಸ.

ಪಾಲಿಅಸಿಟಿಲೀನ್ ಗಾಳಿಗೆ ಬಾಳುವುದಿಲ್ಲ. ಆದುದರಿಂದ 1980ರ ದಶಕದಲ್ಲಿ ಮ್ಯಾಕ್‌ಡೈಯರ್ಮಿಡ್ ಹಳೆಯ ಪಾಲಿಅನಿಲಿನ್ನಿನ ಕಡೆಗೆ ತಿರುಗಿದರು. ಇಲ್ಲಿ ವಾಹಕವಾಗಿಸುವ ಕೆಲಸವನ್ನು ಆಮ್ಲವೇ ಮಾಡುತ್ತದೆ. ಲಿಟ್ಮಸ್ ಕಾಗದದ ಪಾಠ ನೆನಪಿದೆಯೆ? ಪಾಲಿಅನಿಲಿನ್ನೂ ಹಾಗೆಯೇ. ಅದರ 'ಎಮರಾಲ್ಡಿನ್' ರೂಪ ಕ್ಷಾರದಲ್ಲಿ ನೀಲಿಯಾಗಿ ವಿದ್ಯುತ್ತನ್ನು ತಡೆಯುತ್ತದೆ. ಆಮ್ಲದಲ್ಲಿ ಪಚ್ಚೆಯ ಬಣ್ಣ ತಳೆದು ವಿದ್ಯುತ್ತನ್ನು ಹರಿಯಗೊಡುತ್ತದೆ. ಹಾಗೆಂದು ಇದು ತಾಮ್ರದ ಸ್ಥಾನವನ್ನು ಕಸಿದುಕೊಳ್ಳುವುದಿಲ್ಲ. ಸಾಧಾರಣವಾಗಿ ತಯಾರಿಸಿದ ಪಾಲಿಅನಿಲಿನ್ನಿನ ವಾಹಕತೆ ತಾಮ್ರದ ಲಕ್ಷದಲ್ಲೊಂದು ಪಾಲು ಮಾತ್ರ. ಹಗುರತನ, ಬಾಗುವಿಕೆ, ಬಣ್ಣ ಬದಲಿಸುವ ಗುಣ, ಜೀವಕೋಶದೊಡನೆ ಹೊಂದಿಕೊಳ್ಳುವ ಮೃದುತ್ವ: ಇವು ಇದರ ಬಂಡವಾಳ. ಗುಣದಿಂದ ನೋಡಿದರೆ ವಾಹಕ, ಅವಾಹಕ ಎಂಬುದು ವಸ್ತುವಿಗೆ ಹುಟ್ಟಿನಿಂದ ಅಂಟಿದ ಜಾತಿಯಲ್ಲ. ಸಂಸ್ಕಾರದಿಂದ ಬದಲಾಗಬಲ್ಲ ಸ್ಥಿತಿ.

ಮ್ಯಾಕ್‌ಡೈಯರ್ಮಿಡ್ ಅವರ ಬಾಲ್ಯದ ಬಗ್ಗೆ ಒಂದು ಮಾತು. ನ್ಯೂಜಿಲೆಂಡಿನ ಬಡ ಮನೆಯ ಹುಡುಗ. ಹತ್ತರ ಪ್ರಾಯದಲ್ಲಿ ತಂದೆಯ ಹಳೆಯ ರಸಾಯನಶಾಸ್ತ್ರದ ಪುಸ್ತಕ ಕಣ್ಣಿಗೆ ಬಿತ್ತು. ಗ್ರಂಥಾಲಯದಿಂದ ತಂದ ಮಕ್ಕಳ ಪ್ರಯೋಗ ಪುಸ್ತಕವೊಂದನ್ನು ಮತ್ತೆ ಮತ್ತೆ ನವೀಕರಿಸಿ ವರ್ಷಕ್ಕೂ ಹೆಚ್ಚು ಕಾಲ ತನ್ನಲ್ಲೇ ಇಟ್ಟುಕೊಂಡಿದ್ದರಂತೆ. ಹದಿನಾರರ ವಯಸ್ಸಿನಲ್ಲಿ ಶಾಲೆ ಬಿಟ್ಟು ವೆಲ್ಲಿಂಗ್ಟನ್ನಿನ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕ ಹುಡುಗನಾಗಿ ದುಡಿಯುತ್ತಲೇ ಓದು ಮುಂದುವರಿಸಿದರು. ಶಾಲೆಯ ಗ್ರಂಥಾಲಯದ ಕಪಾಟಿಗೆ ಬೀಗ ಹಾಕಿಡುವ ನಮ್ಮ ಪದ್ಧತಿಯನ್ನು ಕಂಡಾಗಲೆಲ್ಲ ನನಗೆ ಈ ಹುಡುಗನ ನೆನಪಾಗುತ್ತದೆ.

ಬೆಂಗಳೂರಿನ ಪಾಲು

ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ತು ಬಂದುದು 1905ರಲ್ಲಿ. 1911ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ, ನಮ್ಮವರ ಮಾತಿನಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್'ನಲ್ಲಿ, ಪಾಠಗಳು ಆರಂಭವಾದಾಗ ಇದ್ದ ವಿಭಾಗಗಳಲ್ಲಿ ಸಾವಯವ ರಸಾಯನವೂ ವಿದ್ಯುತ್ ತಂತ್ರಜ್ಞಾನವೂ ಸೇರಿದ್ದವು. ಆ ಎರಡು ಕೊಠಡಿಗಳ ನಡುವಿನ ಗೋಡೆಯನ್ನು ಕೆಡವಿದ ವಿಷಯವೇ ವಾಹಕ ಪಾಲಿಮರ್ ಎನ್ನಬಹುದು.

1990ರ ಆಸುಪಾಸಿನಲ್ಲಿ ಅಲ್ಲಿನ ಭೌತವಿಜ್ಞಾನ ವಿಭಾಗದಲ್ಲಿ ಎಸ್. ವಿ. ಸುಬ್ರಹ್ಮಣ್ಯಂ ಅವರ ಬಳಗ ಪಾಲಿಅನಿಲಿನ್ನಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಅಭ್ಯಸಿಸುತ್ತಿತ್ತು. ಆ ಬಳಗದ ರೇಘು ಮೆನನ್ ಮುಂದೆ ಕ್ಯಾಲಿಫೋರ್ನಿಯದಲ್ಲಿ ಹೀಗರ್ ಅವರೊಡನೆ ದುಡಿದು, ಈ ಪಾಲಿಮರ್ ಲೋಹವಾಗುವ ಮತ್ತು ಅವಾಹಕವಾಗುವ ಗಡಿರೇಖೆಯ ಬಗ್ಗೆ ಮಹತ್ತ್ವದ ಪ್ರಬಂಧಗಳನ್ನು ಬರೆದು, ಬೆಂಗಳೂರಿಗೆ ಮರಳಿದರು. ಅದೇ ಸಂಸ್ಥೆಯ ಎಸ್. ರಾಮಕೃಷ್ಣನ್ ಅವರು 'ರೆಸೊನೆನ್ಸ್' ಪತ್ರಿಕೆಯ 1997ರ ನವೆಂಬರ್ ಸಂಚಿಕೆಯಲ್ಲಿ ವಾಹಕ ಪಾಲಿಮರ್‌ಗಳ ಬಗ್ಗೆ ವಿದ್ಯಾರ್ಥಿಗಳಿಗಾಗಿ ಲೇಖನ ಬರೆದರು. ನೊಬೆಲ್ ಘೋಷಣೆಗೆ ಆಗ ಇನ್ನೂ ಮೂರು ವರ್ಷಗಳಿದ್ದವು! ಗುಲ್ಬರ್ಗಾ ವಿಶ್ವವಿದ್ಯಾಲಯದ ಪದಾರ್ಥ ವಿಜ್ಞಾನ ವಿಭಾಗದಲ್ಲಿ ಎಂ. ವಿ. ಎನ್. ಅಂಬಿಕಾ ಪ್ರಸಾದ್ ಅವರ ಬಳಗ ಪಾಲಿಅನಿಲಿನ್ನನ್ನು ಲೋಹದ ಆಕ್ಸೈಡುಗಳೊಡನೆ ಬೆರೆಸಿ ಅನೇಕ ಅಧ್ಯಯನಗಳನ್ನು ನಡೆಸಿತು.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡದ ಕೆಲಸ ಮನಮುಟ್ಟುವಂಥದು. ಬೆಳಕು ಗ್ರಹಿಸುವ ಕೋಶಗಳು ಇನ್ನೂ ಬೆಳೆಯದ, ಅಂದರೆ ಕುರುಡಾದ, ಕೋಳಿಭ್ರೂಣದ ಅಕ್ಷಿಪಟಲವನ್ನು ಅರೆವಾಹಕ ಪಾಲಿಮರಿನ ಹಾಳೆಯ ಮೇಲಿರಿಸಿ ಬೆಳಕು ಚೆಲ್ಲಿದಾಗ, ಅದರ ನರಕೋಶಗಳು ಸ್ಪಂದಿಸಿದವು. ಟೆಲ್ ಅವೀವ್ ವಿಶ್ವವಿದ್ಯಾಲಯದವರೊಡನೆ ಮಾಡಿದ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕುರುಡರಿಗೆ ಕಣ್ಣು ಬಂತೆಂದು ಇದರ ಅರ್ಥವಲ್ಲ. ಆದರೆ ಆ ದಾರಿಯಲ್ಲಿ ಒಂದು ಹೆಜ್ಜೆ ನಮ್ಮ ಜಕ್ಕೂರಿನಲ್ಲಿ ಬಿದ್ದಿದೆ.

ಶಮನಗೊಳಿಸುವುದೂ ಕೊಲ್ಲುವುದೂ

ಈಗ ಮೊದಲ ಪ್ರಶ್ನೆಗೆ ಬರೋಣ. ಮುಕ್ತ ರ್‍ಯಾಡಿಕಲ್ ಎಂದರೆ ಜೊತೆಯಿಲ್ಲದ ಎಲೆಕ್ಟ್ರಾನನ್ನು ಹೊತ್ತ ಅಣು. ಅದು ಸಿಕ್ಕವರಿಂದ ಎಲೆಕ್ಟ್ರಾನನ್ನು ಕಸಿಯುತ್ತದೆ. ಎಣ್ಣೆ ಕಮಟಾಗುವುದು, ರಬ್ಬರ್ ಬಿರಿಯುವುದು, ಊದಿಕೊಂಡ ಗಾಯ ಮಾಯಲು ತಡವಾಗುವುದು, ಇವುಗಳಲ್ಲಿ ಇದರ ಕೈವಾಡವಿದೆ. ತಾನಾಗಿಯೇ ಎಲೆಕ್ಟ್ರಾನನ್ನು ದಾನ ಮಾಡಿ ಅದನ್ನು ಸುಮ್ಮನಾಗಿಸುವ ವಸ್ತುವೇ ಉತ್ಕರ್ಷಣ ನಿರೋಧಕ. ಎಲೆಕ್ಟ್ರಾನನ್ನು ಕೊಡುವುದು, ಪಡೆಯುವುದು ಪಾಲಿಅನಿಲಿನ್ನಿನ ಹುಟ್ಟುಗುಣ. ವಿದ್ಯುತ್ತು ಹರಿಯುವುದರಲ್ಲಿಯೂ ಅದೇ ಗುಣ ಕೆಲಸ ಮಾಡುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪಾಲಿಅನಿಲಿನ್ ಮುಕ್ತ ರ್‍ಯಾಡಿಕಲ್‌ಗಳನ್ನು ಹೀರಬಲ್ಲುದೆಂದು ವರದಿ ಮಾಡಿದರು. ಅಪಕರ್ಷಿತ ರೂಪದಲ್ಲಿ, ಅಂದರೆ ಕೊಡಲು ಹೆಚ್ಚು ಎಲೆಕ್ಟ್ರಾನುಗಳಿರುವಾಗ, ಈ ಶಕ್ತಿ ಹೆಚ್ಚು.

ಆ ಪರೀಕ್ಷೆಯ ವಿಧಾನ ಸರಳ. ಡಿ.ಪಿ.ಪಿ.ಎಚ್. ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಉತ್ಕರ್ಷಣ ನಿರೋಧಕವನ್ನು ಹಾಕಿದರೆ ನೇರಳೆ ಅಳಿದು ಹಳದಿಯಾಗುತ್ತದೆ. ನಮ್ಮ ತುಮಕೂರು ವಿಶ್ವವಿದ್ಯಾಲಯದ ಸಂಶೋಧಕರು ಇದೇ ಬಗೆಯ ಗುಣಗಳನ್ನು ಅರಸಿದ್ದಾರೆ. 2015ರಲ್ಲಿ ಪ್ರಕಟವಾದ ಅವರ ಪ್ರಬಂಧವೊಂದು ಕಕ್ಕೆ ಗಿಡದ ಸಾರವನ್ನು ಬಳಸಿ ಸತುವಿನ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ತಯಾರಿಸಿ, ಅವುಗಳ ಉತ್ಕರ್ಷಣ ನಿರೋಧಕ ಗುಣವನ್ನೂ ಬ್ಯಾಕ್ಟೀರಿಯ ನಾಶಕ ಗುಣವನ್ನೂ ವಿವರಿಸಿತು. ಅದು ಪಾಲಿಮರ್ ಅಲ್ಲ. ಆದರೆ ಹುಡುಕಾಟ ಅದೇ. ಬೇಸಗೆಯಲ್ಲಿ ಹಳದಿ ಹೂಗೊಂಚಲು ಇಳಿಬಿಡುವ ಕಕ್ಕೆ ಮರದ ಕೆಳಗೆ ನಿಲ್ಲುವಾಗ ಇದನ್ನೂ ನೆನೆಯಿರಿ.

ರೋಗಾಣುಗಳ ಮೇಲೆ ಪಾಲಿಅನಿಲಿನ್ ನಡೆಸುವ ದಾಳಿಯನ್ನು ಆಕ್ಲೆಂಡಿನ ಬಳಗ 2011ರಲ್ಲಿ ವಿವರವಾಗಿ ಪ್ರಕಟಿಸಿತು. ಕರುಳಿನ ಇ. ಕೋಲಿ, ಕೀವುಗಾಯದ ಸ್ಟಫೈಲೊಕಾಕಸ್ ಆರಿಯಸ್, ಇವೆರಡೂ ಅದಕ್ಕೆ ಬಾಗಿದವು. ಮುಂದಿನ ಅಧ್ಯಯನಗಳು ಹೈಡ್ರೋಜನ್ ಪೆರಾಕ್ಸೈಡಿನ ಪಾತ್ರವನ್ನು ಸೂಚಿಸಿದವು. ಜಾಣ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು: "ಉತ್ಕರ್ಷಣವನ್ನು ತಡೆಯುವ ವಸ್ತುವೇ ಉತ್ಕರ್ಷಕವನ್ನು ಹುಟ್ಟಿಸುವುದೆಂತು?" ಉತ್ತರ ಇಷ್ಟೇ. ದಾನ ಒಂದೇ, ಪಡೆಯುವವರು ಬೇರೆ. ಎಲೆಕ್ಟ್ರಾನು ರ್‍ಯಾಡಿಕಲ್‌ಗೆ ಸಂದರೆ ಅದು ತಣ್ಣಗಾಗುತ್ತದೆ. ಆಮ್ಲಜನಕಕ್ಕೆ ಸಂದರೆ ಪೆರಾಕ್ಸೈಡ್ ಹುಟ್ಟಿ ರೋಗಾಣುವನ್ನು ಸುಡುತ್ತದೆ. ಯಾವುದು ಎಷ್ಟು ಎಂಬ ಹದ ತಪ್ಪಿದರೆ ನಮ್ಮ ಜೀವಕೋಶಗಳಿಗೂ ಕೇಡು. ರಕ್ತದಲ್ಲಿ ಆಮ್ಲೀಯತೆ ಇಲ್ಲದಿರುವುದರಿಂದ ಸಾದಾ ಪಾಲಿಅನಿಲಿನ್ ಅಲ್ಲಿ ವಾಹಕತೆಯನ್ನೂ ಕಳೆದುಕೊಳ್ಳುತ್ತದೆ. ಅದಕ್ಕಾಗಿ ಆಮ್ಲದ ಗುಂಪುಗಳನ್ನು ಸರಪಳಿಗೇ ಕಟ್ಟುವ ಪ್ರಯತ್ನಗಳು ನಡೆದಿವೆ. ಗಾಯದ ಪಟ್ಟಿ, ಆಹಾರದ ಹೊದಿಕೆ, ನರಗಳ ಚಿಕಿತ್ಸೆಯ ಎಲೆಕ್ಟ್ರೋಡು ಇವೇ ಸಂಶೋಧಕರ ಗುರಿಗಳು. ಆಂಟಿಬಯಾಟಿಕ್ ಔಷಧಿಗಳಿಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಸಕ್ಕರೆ ಕಾಯಿಲೆಯವರ ಮಾಯದ ಕಾಲುಗಾಯವನ್ನು ಕಂಡ ಯಾವ ಮನೆಯವರಿಗೂ ಇದು ದೂರದ ಮಾತಲ್ಲ.

ಎಚ್ಚರದ ಮಾತು

ಅನಿಲಿನ್ ವಂಶದ ಇತಿಹಾಸ ಎಚ್ಚರವನ್ನೂ ಕಲಿಸುತ್ತದೆ. 1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗೆಡ್ಡೆಗಳನ್ನು ಗುರುತಿಸಿದನು. ಟೈರು ಬಿರಿಯದಂತೆ ಕಾಯಲು ಬೆರೆಸುವ 6ಪಿ.ಪಿ.ಡಿ. ಎಂಬುದೂ ಈ ವಂಶಕ್ಕೆ ಹತ್ತಿರದ ರಾಸಾಯನಿಕವೇ. ಅದು ಓಜೋನಿನೊಡನೆ ವರ್ತಿಸಿ ಹುಟ್ಟುವ ವಸ್ತುವು ರಸ್ತೆಯ ಮಳೆನೀರಿನೊಡನೆ ಹೊಳೆ ಸೇರಿ ಕೋಹೊ ಸಾಲ್ಮನ್ ಮೀನುಗಳನ್ನು ಕೊಲ್ಲುತ್ತಿದೆಯೆಂದು ಅಮೆರಿಕದ ಸಂಶೋಧಕರು 2020ರಲ್ಲಿ ತೋರಿಸಿದರು. ಪ್ರಯೋಗಶಾಲೆಯ ತಟ್ಟೆಯಲ್ಲಿ ರೋಗಾಣು ಸತ್ತಿತೆಂದ ಮಾತ್ರಕ್ಕೆ ಅದು ಔಷಧಿಯಲ್ಲ. 'ಆಂಟಿಆಕ್ಸಿಡೆಂಟ್' ಎಂದು ಡಬ್ಬಿಯ ಮೇಲೆ ಅಚ್ಚಾದ ಮಾತ್ರಕ್ಕೆ ಅದು ಅಮೃತವೂ ಅಲ್ಲ. ಸರಪಳಿ ತುಂಡಾದರೆ ಏನು ಉಳಿಯುತ್ತದೆ, ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವುದು ವಿಜ್ಞಾನ ಓದಿದವರ ಕರ್ತವ್ಯ.

ಕಡೆಗೊಂದು ಸಂಗತಿ. 2012ರಲ್ಲಿ ಜಪಾನಿನ ಸಂಶೋಧಕರು ರೇಷ್ಮೆಯ ದಾರಕ್ಕೆ ವಾಹಕ ಪಾಲಿಮರನ್ನು ಕೂಡಿಸಿ, ಮೈಗೆ ಹಿತವಾದ ಎಲೆಕ್ಟ್ರೋಡುಗಳನ್ನು ಮಾಡಿ, ಅವುಗಳಿಂದ ಹೃದಯದ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. 1729ರಲ್ಲಿ ವಿದ್ಯುತ್ತನ್ನು ತಡೆದು ನಿಲ್ಲಿಸಿದ ಅದೇ ರೇಷ್ಮೆ ಈಗ ಎದೆಬಡಿತವನ್ನು ಹೊತ್ತು ತರುತ್ತಿದೆ. ನಮ್ಮ ಸೀಮೆಯಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುವ ಕೈಗಳಿಗೆ ಈ ಸುದ್ದಿಯನ್ನು ಯಾರಾದರೂ ತಿಳಿಸಬೇಕು. ಇದನ್ನು ಓದಿದ ನಿಮ್ಮಲ್ಲಿ ರೇಷ್ಮೆ ಬೆಳೆಯುವ ಮನೆಯವರಿದ್ದರೆ ದಯಮಾಡಿ ಮನೆಯ ಮಕ್ಕಳಿಗೆ ಓದಿ ಹೇಳಿ. ಅವರ ಪ್ರಶ್ನೆಗಳನ್ನು ನನಗೆ ಬರೆದು ಕಳುಹಿಸಿ, ಬಲ್ಲಷ್ಟನ್ನು ಉತ್ತರಿಸುವೆನು.